ಗನ್ನಿಲ್ಲದ ಕ್ರಿಸ್‌ಮಸ್

ಡಿಸೆಂಬರ್ 2, ಸೋಮವಾರ

ಇವತ್ತು ರಿಗೋ ಬಂದಿದ್ದ. ನಮ್ಮ ಗುಡ್ಡದಲ್ಲಿ ಅವನು ಬಾಗಿಲಿಗೆ ಬಂದರೆ ಜನ ಮೊದಲು ಮಕ್ಕಳನ್ನು ಒಳಗೆ ಎಳೆದುಕೊಳ್ಳುತ್ತಾರೆ, ಆಮೇಲೆ ನಗುಮುಖ ಮಾಡುತ್ತಾರೆ. ನನಗೆ ಆ ಭಯವಿಲ್ಲ. ಅಂಗಡಿಗಳಿಂದ, ಬಸ್ಸುಗಳಿಂದ ಹಫ್ತಾ ಎತ್ತುವವನು, ಇಲ್ಲಿ ಯಾರು ಬದುಕಬೇಕು ಯಾರು ಬೇಡ ಎಂದು ತೀರ್ಮಾನಿಸುವವನು ಅವನೇ ಇರಬಹುದು. ನನ್ನ ಶಿಶುವಿಹಾರದಲ್ಲಿ ಚಡ್ಡಿ ಒದ್ದೆ ಮಾಡಿಕೊಂಡು ಮೂಲೆಯಲ್ಲಿ ಅಳುತ್ತಿದ್ದವನೂ ಅವನೇ. ಅಂಗಳದಲ್ಲಿದ್ದ ಮಕ್ಕಳ ಕುರ್ಚಿಯಲ್ಲಿ ಮೊಣಕಾಲು ಎದೆಗೆ ತಾಗುವ ಹಾಗೆ ಕೂತ. ಸೊಂಟದಲ್ಲಿದ್ದದ್ದು ಚುಚ್ಚಿತೇನೋ, ತೆಗೆದು ಬಣ್ಣದ ಬಳಪದ ಡಬ್ಬಿಯ ಪಕ್ಕ ಇಟ್ಟ.

"ಅದನ್ನ ಅಲ್ಲಿಂದ ತೆಗಿಯೋ," ಎಂದೆ. ತೆಗೆದ.

"ಟೀಚರಮ್ಮ, ಈ ಸಲಾನೂ ಕ್ರಿಸ್‌ಮಸ್‌ಗೆ ಗುಡ್ಡದ ಮಕ್ಕಳಿಗೆಲ್ಲ ನಾವೇ ಆಟದ ಸಾಮಾನು ಕೊಡ್ತೀವಿ. ಹೋದ ವರ್ಷ ನಮ್ಮ ಹುಡುಗ್ರು ತಂದಿದ್ದು ಬರೀ ಕಸ. ನಿಮಗಾದ್ರೆ ಮಕ್ಕಳ ವಿಷಯ ಗೊತ್ತು. ನೀವೇ ಆರಿಸಿ ಕೊಡಿ."

ಹೋದ ವರ್ಷದ್ದು ಕಸವಂತೆ! ಮೂಟೆಗಟ್ಟಲೆ ಕಪ್ಪು ಪ್ಲಾಸ್ಟಿಕ್ ಗನ್ನು ತಂದು ಹಂಚಿದ್ದರು. ಕ್ರಿಸ್‌ಮಸ್ ಬೆಳಿಗ್ಗೆ ನನ್ನ ಶಿಶುವಿಹಾರದ ನೇರಿ ಹೊಸ ಅಂಗಿ ತೊಟ್ಟು ನೀರಿನ ಟ್ಯಾಂಕಿನ ಹಿಂದೆ ಅಡಗಿಕೊಂಡು, ಬರುತ್ತಿದ್ದ ಪೊಲೀಸ್ ಗಸ್ತಿನ ಗಾಡಿಯ ಕಡೆ ಆಟಕ್ಕೆ ಗುರಿ ಹಿಡಿದ. ಗಾಡಿಯಲ್ಲಿದ್ದವರು ಇಳಿದು ನೋಡುವ ಗೋಜಿಗೆ ಹೋಗಲಿಲ್ಲ, ಕೂತಲ್ಲಿಂದಲೇ ಗುಂಡು ಹಾರಿಸಿದರು. ಅವನಿನ್ನೂ ತನ್ನ ಹೆಸರನ್ನು ಸರಿಯಾಗಿ ಬರೆಯಲು ಕಲಿತಿರಲಿಲ್ಲ.

ಇದನ್ನೆಲ್ಲ ರಿಗೋನ ಮುಖಕ್ಕೇ ಹೇಳಿದೆ. ನೆಲ ನೋಡುತ್ತ ಕೇಳಿಸಿಕೊಂಡ.

"ಹಾಗಾದ್ರೆ ಕೇಳು. ಗನ್ನು ಬೇಡ, ಕತ್ತಿ ಬೇಡ, ಚಾಕು ಬೇಡ. ನಾನು ಆರಿಸಿದ್ದು ಮಾತ್ರ. ಈ ಕ್ರಿಸ್‌ಮಸ್‌ಗೆ ಈ ಗುಡ್ಡದಲ್ಲಿ ಒಂದೇ ಒಂದು ಮಗುವಿನ ಕೈಯಲ್ಲೂ ಗನ್ನು ಕಾಣಿಸಬಾರದು."

"ದೊಡ್ಡವರ ಕೈಯಲ್ಲಿ?"

"ಅದನ್ನ ನಿಮ್ಮಮ್ಮ ನೋಡ್ಕೋಬೇಕಿತ್ತು. ನಾನು ನೋಡ್ಕೊಳ್ಳೋದು ಆರು ವರ್ಷದವರೆಗೆ ಮಾತ್ರ."

ಹೊಟ್ಟೆ ಹಿಡಿದುಕೊಂಡು ನಕ್ಕ. ಕುರ್ಚಿ ಮುರಿಯುವುದರಲ್ಲಿತ್ತು. ಅವನ ದುಡ್ಡು ಎಂಥದ್ದೆಂದು ನನಗೆ ತಿಳಿಯದೆ ಇಲ್ಲ. ನಾನು ಬೇಡವೆಂದರೆ ಅವನ ಹುಡುಗರು ಮತ್ತೆ ಮೂಟೆ ತರುತ್ತಾರೆ, ಅದಕ್ಕೆ ಒಪ್ಪಿಕೊಂಡೆ. ಇನ್ನೊಬ್ಬ ನೇರಿಯನ್ನು ಹೂಳುವ ಶಕ್ತಿ ನನಗಿಲ್ಲ.

ಡಿಸೆಂಬರ್ 5, ಗುರುವಾರ

ಕೆಳಗಿನ ಪೇಟೆ ಕೊಮಾಯಾಗ್ವೇಲಾದ ಮಾರುಕಟ್ಟೆಗೆ ಹೋಗಿ ಬಂದೆ. ಜೊತೆಗೆ ನೇರಿಯ ತಾಯಿ ದಿಲ್ಸಿಯಾ. ಅವಳು ಗುಡ್ಡ ಹತ್ತುವ ಮೆಟ್ಟಿಲುಗಳ ಬುಡದಲ್ಲಿ ತೋರ್ತಿಯಾ ರೊಟ್ಟಿ ತಟ್ಟಿ ಮಾರುತ್ತಾಳೆ. ನಾನು ಬಾ ಎಂದು ಕರೆದಿರಲಿಲ್ಲ, ಕರೆಯುವ ಧೈರ್ಯವೂ ಇರಲಿಲ್ಲ. ಕಾವಲಿ ಇಳಿಸಿ ತಾನಾಗಿ ಹೊರಟಳು.

ಒಳ್ಳೆಯ ಆಟಿಕೆ ಆರಿಸುವುದು ಒಳ್ಳೆಯ ಅಳಿಯನನ್ನು ಆರಿಸಿದ ಹಾಗೆ, ಬಣ್ಣಕ್ಕೆ ಮರುಳಾಗಬಾರದು. ಎಳೆದು ನೋಡಬೇಕು, ಕಚ್ಚಿ ನೋಡಬೇಕು, ಎತ್ತಿ ನೆಲಕ್ಕೆ ಬಡಿದು ನೋಡಬೇಕು. ತಾನೇ ಕುಣಿದು ತಾನೇ ಹಾಡುವ ಆಟಿಕೆ ಬೇಡ, ಮಗು ಸುಮ್ಮನೆ ಕೂತು ನೋಡುತ್ತದೆ. ಇನ್ನೊಂದು ಮಗುವನ್ನು ಕರೆಯದೆ ಆಡಲಾಗದ ಆಟಿಕೆಯೇ ನನ್ನ ಪ್ರಕಾರ ಎಲ್ಲಕ್ಕಿಂತ ಮೇಲು. ಚೆಂಡು, ಹಗ್ಗ, ಬುಗುರಿ, ಅಡುಗೆ ಪಾತ್ರೆ, ಮರದ ಇಟ್ಟಿಗೆ, ಬಟ್ಟೆಯ ಗೊಂಬೆ.

ಒಂದು ಗೊಂಬೆಯ ಕುತ್ತಿಗೆ ತಿರುವಿ ನೋಡುತ್ತಿದ್ದೆ. ಅಂಗಡಿಯವಳು ಬೊಬ್ಬೆ ಹಾಕಿದಳು.

"ಅಮ್ಮಾ ತಾಯಿ, ಅದು ಗೊಂಬೆ, ಕೋಳಿ ಅಲ್ಲ!"

"ನಮ್ಮ ಮಕ್ಕಳು ತಿರುವ್ತಾರಲ್ಲ, ತಲೆ ಕಿತ್ತು ಬಂದ್ರೆ ನಿಮ್ಮನ್ನ ಹುಡುಕ್ಕೊಂಡು ಬರ್ಲಾ?"

"ಎಂಥ ಮಕ್ಕಳಪ್ಪಾ ನಿಮ್ಮವು!"

"ಬದುಕಿರೋ ಮಕ್ಕಳು," ಎಂದಳು ದಿಲ್ಸಿಯಾ. ಅಂಗಡಿಯವಳು ಆಮೇಲೆ ಚೌಕಾಸಿ ಮಾಡಲಿಲ್ಲ.

ಬಸ್ಸಿನಲ್ಲಿ ದಿಲ್ಸಿಯಾ ಚೆಂಡಿನ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದಳು. ಇಳಿಯುವಾಗ, "ಚೆನ್ನಾಗಿ ಆರಿಸಿದ್ರಿ ಟೀಚರ್," ಎಂದಳು. ನನಗೆ ಅಳು ಬಂತು.

ಡಿಸೆಂಬರ್ 9

ಶಾಲೆಗೆ ರಜೆಯಾದರೂ ಕೆಲಸಕ್ಕೆ ಹೋಗುವ ತಾಯಂದಿರು ಮಕ್ಕಳನ್ನು ನನ್ನ ಅಂಗಳದಲ್ಲೇ ಬಿಟ್ಟು ಹೋಗುತ್ತಾರೆ. ಬೆಳಿಗ್ಗೆ ಬೇಲಿಯ ಆಚೆ, ಬಸ್ಸು ತಿರುಗಿಸುವ ಜಾಗದಲ್ಲಿ ಕಂಡಕ್ಟರ್ ಹುಡುಗನನ್ನು ಕೊಂದರು. ಸದ್ದು ಕೇಳಿದೊಡನೆ ಮಕ್ಕಳು ಬೋರಲಾಗಿ ಮಲಗಿದವು. ನಾನೇ ಕಲಿಸಿದ್ದು. ಆದರೆ ಮಲಗಿದ ಕಡೆಯಿಂದ ಬೇಲಿಯ ಸಂದಿನಲ್ಲಿ ಎಲ್ಲ ಕಾಣುತ್ತದೆ ಎಂಬುದನ್ನು ಇಷ್ಟು ವರ್ಷ ನಾನು ಯೋಚಿಸಿರಲಿಲ್ಲ. ಅವನ ದವಡೆ ಹಾರಿಹೋಗಿತ್ತು. ಚಿಲ್ಲರೆ ಕಾಸು ರಸ್ತೆಯ ತುಂಬ ಚೆಲ್ಲಿತ್ತು, ಯಾರೂ ಮುಟ್ಟಲಿಲ್ಲ. ಅವನ ತಾಯಿ ಬರುವವರೆಗೂ ಹೆಣ ಬಿಸಿಲಿನಲ್ಲಿತ್ತು.

ಊಟವಾದ ಮೇಲೆ ನೋಡುತ್ತೇನೆ, ಮಕ್ಕಳು ಅದನ್ನೇ ಆಡುತ್ತಿವೆ. ಒಂದು ಮಗು ಸತ್ತು ಬಿದ್ದಿದೆ, ಒಂದು ನನ್ನ ಮೇಜಿನ ಬಟ್ಟೆ ಹೊದಿಸುತ್ತಿದೆ, ಒಂದು ತಾಯಿಯಾಗಿ ಎದೆ ಬಡಿದುಕೊಳ್ಳುತ್ತಿದೆ. ಕೊಂದವಳು ಬಡಗಿ ಕತಾರಿನೋನ ಮಗಳು ನೋಲ್ವಿಯಾ. ಕೈಯಲ್ಲಿ ಪೊರಕೆಯ ಕಡ್ಡಿ. ಕಡ್ಡಿ ಕಿತ್ತು ಅವಳ ಕೈಯ ಮೇಲೆ ಅದರಿಂದಲೇ ಹೊಡೆದೆ. ಬರೆ ಎದ್ದಿತು. ಮಕ್ಕಳ ಮೇಲೆ ಕೈ ಮಾಡಿದವಳಲ್ಲ ನಾನು. ಆದರೆ ಈ ಹುಚ್ಚನ್ನು ಎಲ್ಲೋ ಒಂದು ಕಡೆ ಯಾರಾದರೂ ನಿಲ್ಲಿಸಬೇಕಲ್ಲ.

ಡಿಸೆಂಬರ್ 12

ಮೈಯೆಲ್ಲ ಉರಿಯುತ್ತಿದೆ. ಎವೇಲಿಯೋನ ಗೂಡಂಗಡಿಯ ಮುಂದೆ ಕಪ್ಪು ಗನ್ನುಗಳು ತೋರಣದ ಹಾಗೆ ನೇತಾಡುತ್ತಿವೆ. ಹೋದ ವರ್ಷದವೇ, ಅದೇ ಕಪ್ಪು. ಎವೇಲಿಯೋ ಹೊರಗಿನವನಲ್ಲ. ನನ್ನ ಗಂಡನ ಗೆಳೆಯ. ಭಾನುವಾರ ನಾನು ಕಾಫಿ ಕುಡಿಯುವುದು ಅವನ ಅಂಗಡಿಯ ಕಟ್ಟೆಯ ಮೇಲೆಯೇ.

"ಎವೇಲಿಯೋ ಅವ್ರೇ, ನೇರಿ ಮಿಠಾಯಿಗೆ ಬರ್ತಿದ್ದಿದ್ದು ಇದೇ ಅಂಗಡಿಗೆ. ಇದನ್ನ ನೇತು ಹಾಕೋಕೆ ಕೈ ಹೇಗೆ ಬಂತು?"

"ಮಿಠಾಯಿ ಈಗ ಯಾರ್ ತಗೋತಾರೆ ಟೀಚರ್? ಇದು ಹೋಗುತ್ತೆ. ನಾನ್ ಮಾರದಿದ್ರೆ ಕೆಳಗಡೆ ಹೋಗಿ ತಗೋತಾರೆ."

"ತಗೊಳ್ಳಲಿ. ನೀವು ಮಾರಬೇಡಿ."

"ನಂಗೆ ಬುದ್ಧಿ ಹೇಳೋಕೆ ಬಂದ್ರಾ? ನಿಮ್ಮ ಚೆಂಡು ಬುಗುರಿ ಎಲ್ಲ ಯಾರ್ ಗನ್ನಿಂದ ಬಂತು ಅಂತ ರಿಗೋನ ಕೇಳಿದ್ರಾ? ಕೇಳ್ಕೊಂಡ್ ಬನ್ನಿ, ಆಮೇಲೆ ಕಾಫಿ ಕುಡಿಯೋಣ."

ಅಂಗಡಿಯ ಮುಂದೆ ನಿಂತಿದ್ದವರು ನಕ್ಕರು. ಮೆಟ್ಟಿಲು ಹತ್ತಿ ಬರುವಾಗ ರಿಗೋ ಎದುರಾದ. "ಆಟದ ಸಾಮಾನು ಎಲ್ಲ ಆಯ್ತಾ ಟೀಚರಮ್ಮ?" ಎಂದು ಕೇಳಿದ.

"ನಂದೆಲ್ಲ ಆಯ್ತು. ಆ ಎವೇಲಿಯೋಗೆ ಸ್ವಲ್ಪ ತಿಳಿಹೇಳು."

"ಹೇಳೋಣ," ಎಂದ.

ಡಿಸೆಂಬರ್ 13

ಗೂಡಂಗಡಿ ಪುಡಿಪುಡಿಯಾಗಿದೆ. ಎವೇಲಿಯೋನ ಎರಡೂ ಕೈಗಳನ್ನು ಹೊಸ್ತಿಲ ಮೇಲಿಟ್ಟು ಶಟರ್ ಎಳೆದರಂತೆ. ಒಂದು ಸಲವಲ್ಲ. ಕಿರುಚಾಟ ಇಡೀ ಗುಡ್ಡಕ್ಕೆ ಕೇಳಿತಂತೆ, ನಾನು ತೊಟ್ಟಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದೆ, ನನಗೆ ಕೇಳಲಿಲ್ಲ.

ಕೋಳಿ ಸಾರು ಮಾಡಿಕೊಂಡು ಹೋದೆ. ಎವೇಲಿಯೋ ಗೋಡೆಯ ಕಡೆ ತಿರುಗಿದ. ಅವನ ಮಗಳು ಸಾರಿನ ಪಾತ್ರೆಯನ್ನು ನನ್ನ ಕೈಯಿಂದ ತೆಗೆದುಕೊಳ್ಳಲೇ ಇಲ್ಲ, "ಅಪ್ಪ ಮಲಗಿದ್ದಾರೆ" ಎಂದಳು.

ಸೀದಾ ರಿಗೋನ ಹತ್ತಿರ ಹೋಗಿ ಎಲ್ಲರ ಮುಂದೆ ಕೂಗಾಡಿದೆ. "ಹೇಳು ಅಂದೆ ಕಣೋ, ಮುರಿ ಅಂದ್ನಾ?"

ಅವನಿಗೆ ನಿಜವಾಗಿ ಆಶ್ಚರ್ಯವಾಯಿತು. "ನಾವು ಹೇಳೋದೇ ಹೀಗೆ ಟೀಚರಮ್ಮ. ಇಲ್ಲೇ ಹುಟ್ಟಿ ಬೆಳೆದೋರು ನೀವು, ನಿಮಗ್ ಗೊತ್ತಿಲ್ವಾ?"

ಗೊತ್ತಿತ್ತೇ? ಕೋಪದಲ್ಲಿ ಬಾಯಿಗೆ ಬಂದ ಮಾತು ಅದು. ಎವೇಲಿಯೋ ಇನ್ನು ಲೋಟ ಹಿಡಿಯಲಾರ.

ವಾಪಸು ಬರುವಾಗ ಅಂಗಡಿಯಿದ್ದ ಜಾಗ ನೋಡಿದೆ. ಗನ್ನು ಒಂದೂ ಇರಲಿಲ್ಲ. ಬರೆಯಲು ನಾಚಿಕೆಯಾಗುತ್ತದೆ, ಆದರೆ ನೋಡಿ ಹಾಯೆನಿಸಿತು.

ಡಿಸೆಂಬರ್ 17, ಮಂಗಳವಾರ

ಹಂಚುವ ಮೊದಲು ಮನೆಗಳಲ್ಲಿ ಇರುವುದನ್ನು ತೆಗೆಯದಿದ್ದರೆ ಏನು ಪ್ರಯೋಜನ? ಹಬ್ಬದ ಹಾಡು ಹೇಳಿಕೊಂಡು ಎಲ್ಲರೂ ಮನೆಯಿಂದ ಮನೆಗೆ ಹೋಗುತ್ತಾರಲ್ಲ, ನಾನೂ ಹೊರಟೆ. ಗೋಣಿ ಹೊರಲು ರಿಗೋ ಇಬ್ಬರನ್ನು ಜೊತೆ ಮಾಡಿದ. ಮೊದಲ ಮನೆಯಲ್ಲಿ ವಾದ ಮಾಡಬೇಕಾಯಿತು. ಎರಡನೆಯ ಮನೆಯಲ್ಲಿ ನಾನು ಬಾಯಿ ತೆರೆಯುವಷ್ಟರಲ್ಲಿ ತಾಯಿ ತಂದು ಕೊಟ್ಟಳು. ಆಮೇಲಿನವರು ಬಾಗಿಲಲ್ಲೇ ಹಿಡಿದುಕೊಂಡು ನಿಂತಿದ್ದರು. ಕವಣೆ, ಬಿಲ್ಲು, ಟಿನ್ನಿನ ಕತ್ತಿ. ಒಬ್ಬಳು ಮೀನಿನ ಆಕಾರದ ನೀರಿನ ಪಿಚಕಾರಿ ತಂದಳು.

"ಇದು ಮೀನು ಟೀಚರ್. ಇದೂ ಬೇಕಾ?"

ಯೋಚಿಸಿದೆ. ಗುಂಡಿ ಒತ್ತಿದರೆ ಅದೂ ಹಾರಿಸುವುದೇ. ಗೋಣಿಗೆ ಹಾಕಿಸಿದೆ. ಮಗು ಅತ್ತಿತು, ತಾಯಿ ಅದರ ಬಾಯಿ ಮುಚ್ಚಿದಳು.

ಡಿಸೆಂಬರ್ 18

ಮಣಿಕಟ್ಟು ಊದಿದೆ, ಅಕ್ಷರ ಸೊಟ್ಟವಾಗುತ್ತಿದೆ.

ಬಡಗಿ ಕತಾರಿನೋ ಮಗಳಿಗೆ ತಾನೇ ಪೈನ್ ಮರದಲ್ಲಿ ಬಂದೂಕು ಕೆತ್ತಿಕೊಟ್ಟಿದ್ದಾನೆ. ಬಣ್ಣವಿಲ್ಲ, ಬರೀ ಮರ. ನೋಲ್ವಿಯಾ ಅದನ್ನು ಹೆಗಲಿಗೇರಿಸಿ ಬಾಗಿಲಲ್ಲಿ ನಿಂತಿದ್ದಳು.

"ಟೀಚರ್, ಮರ ಇದು," ಎಂದ ಕತಾರಿನೋ. "ಕುರುಡನಿಗೂ ಗೊತ್ತಾಗುತ್ತೆ."

"ಗಸ್ತಿನವರು ಕುರುಡರಲ್ಲ, ಕುರುಡರಿಗಿಂತ ಕಡೆ. ಕೊಡಿ."

"ಅವರಮ್ಮ ಕೆಲಸದಿಂದ ಬರೋವರೆಗೂ ಇದನ್ನ ಹಿಡ್ಕೊಂಡು ಮನೆ ಕಾಯ್ತಾಳೆ. ಅಷ್ಟೇ ಇವಳ ಆಟ. ಯಾರ್ ಕಡೆಗೂ ತಿರುಗಿಸಲ್ಲ. ಬೇಕಿದ್ರೆ ಹಳದಿ ಬಣ್ಣ ಬಳೀತೀನಿ, ಆಯ್ತಾ?"

"ಬಣ್ಣ ಬಳಿದ್ರೆ ಗನ್ನು ಬಾಳೆಹಣ್ಣಾಗುತ್ತಾ?"

ಒಂದು ತುದಿ ನಾನು ಹಿಡಿದೆ, ಒಂದು ತುದಿ ನೋಲ್ವಿಯಾ. ಬಿಡಲೊಲ್ಲಳು. ನನ್ನ ಮಣಿಕಟ್ಟನ್ನು ಕಚ್ಚಿದಳು, ರಕ್ತ ಬರುವ ಹಾಗೆ. ಬಾಯಿಯ ಮೇಲೆ ಹೊಡೆದೆ. ಮುಂದಿನ ಹಾಲುಹಲ್ಲು ಕಿತ್ತು ಬಂತು, ಹೇಗೂ ಬೀಳಬೇಕಾದ ಹಲ್ಲು. ಕತಾರಿನೋ ಕೈ ಎತ್ತಿಕೊಂಡು ನನ್ನ ಮೇಲೆ ಬಂದ. ಇಬ್ಬರು ಹುಡುಗರು ಗೋಣಿ ಕೆಳಗಿಟ್ಟು ಅವನನ್ನು ಬೀಳಿಸಿದರು. ಆ ಮರದ ಬಂದೂಕಿನಿಂದಲೇ ಹೊಡೆದರು, ಅದು ಸೀಳಿ ಎರಡಾಗುವವರೆಗೆ. ಮುಖವನ್ನು ತುಳಿದರು. ನಾನು ಸಾಕು ಎಂದೆ. ಜೋರಾಗಿ ಅಂದೆನೋ ಇಲ್ಲವೋ ನೆನಪಿಗೆ ಬರುತ್ತಿಲ್ಲ.

ನೆಲದ ಮೇಲಿಂದಲೇ ಕತಾರಿನೋ ಹೇಳಿದ: "ಕೆಳಗೆ ಠಾಣೆಗೆ ಹೋಗ್ತೀನಿ. ಹೋಗಿ ಎಲ್ಲಾ ಹೇಳ್ತೀನಿ."

ಕಚ್ಚಿದ ಮಗುವನ್ನು ಬಿಟ್ಟು ಕಚ್ಚಿಸಿಕೊಂಡವಳ ಮೇಲೆ ಕೋಪ! ತನ್ನ ಮಗಳನ್ನೇ ಉಳಿಸಲು ಬಂದಿದ್ದೇನೆ ಎಂಬುದು ಆ ಮನುಷ್ಯನಿಗೆ ಹೊಳೆಯಲಿಲ್ಲ.

ಡಿಸೆಂಬರ್ 20

ಈಗ ಜನಕ್ಕೆ ಅರ್ಥವಾಗುತ್ತಿದೆ. ತೋರ್ತಿಯಾಕ್ಕೆ ನಿಂತ ಸಾಲು ನಾನು ಹೋದೊಡನೆ ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು. ಬಸ್ಸಿನಲ್ಲಿ ಬಸುರಿ ಹೆಂಗಸೊಬ್ಬಳು ಎದ್ದು ಸೀಟು ಕೊಟ್ಟಳು. ಬೇಡವೆಂದರೂ ಕೇಳಲಿಲ್ಲ.

ದಿಲ್ಸಿಯಾ ಮಾತ್ರ ಕಾವಲಿಯಿಂದ ತಲೆ ಎತ್ತಲಿಲ್ಲ. ಗೋಣಿ ತುಂಬಿದೆ, ಅಂಗಳದಲ್ಲಿ ಎಲ್ಲ ಸುಡೋಣ, ನೀನೇ ಬಂದು ಬೆಂಕಿ ಹಚ್ಚು, ನೇರಿಗೋಸ್ಕರ ಎಂದೆ.

"ನನ್ನ ಮಗನ ಹೆಸರು ಹೇಳ್ಕೊಂಡು ಮನೆಮನೆಗೆ ಹೋಗ್ಬೇಡಿ ಟೀಚರ್," ಎಂದಳು. "ಅವನು ಯಾರಿಗೂ ಹೊಡೆದೋನಲ್ಲ."

ಬಹಳ ನೋವಾಯಿತು. ದುಃಖದಲ್ಲಿರುವವರ ಮಾತಿಗೆ ಬೇಜಾರು ಮಾಡಿಕೊಳ್ಳಬಾರದು. ನಾನೇ ಬೆಂಕಿ ಹಚ್ಚಿದೆ. ಪ್ಲಾಸ್ಟಿಕ್ ಹೊಗೆ ಗಂಟಲಿಗೆ ಹಿಡಿದುಕೊಂಡಿದೆ.

ಡಿಸೆಂಬರ್ 22, ಭಾನುವಾರ

ಕಾಗದ ಸುತ್ತುವ ಕೆಲಸ. ಚೆಂಡು ಸುತ್ತುವುದು ಕಷ್ಟ, ಮೂಲೆಯೇ ಇಲ್ಲ.

ರಿಗೋ ಬಂದು ಎದುರಿಗೆ ಕೂತು ದಾರ ಹಿಡಿದುಕೊಟ್ಟ. ಅವನಿಗೆ ಗಂಟು ಹಾಕಲು ಕಲಿಸಿದ್ದೂ ನಾನೇ.

"ಕತಾರಿನೋ ಠಾಣೆಗೆ ಹೋಗ್ತೀನಿ ಅಂದ್ನಂತೆ. ನಮ್ಮ ಹುಡುಗ್ರಲ್ಲಿ ಒಬ್ಬ ಅಂದ ಅಂತಾನೆ, ಒಬ್ಬ ಸರಿಯಾಗಿ ಕೇಳ್ಸಿಲ್ಲ ಅಂತಾನೆ. ನೀವು ಸುಳ್ಳು ಹೇಳೋರಲ್ಲ. ಅಂದ್ನಾ?"

ಕತ್ತರಿ ಹುಡುಕುತ್ತಿದ್ದೆ. ಕಾಗದದ ಕೆಳಗೆ ಸಿಕ್ಕಿತು.

"ಅಂದ," ಎಂದೆ.

ಸುಳ್ಳು ಹೇಳುವುದು ನನ್ನಿಂದಾಗದು. ಮಕ್ಕಳಿಗೆ ನಾನು ಮೊದಲು ಕಲಿಸುವುದೇ ಅದನ್ನು. ರಿಗೋ ದಾರ ಕೆಳಗಿಟ್ಟು, "ಚೆನ್ನಾಗಿ ಸುತ್ತಿದ್ದೀರ," ಎಂದು ಎದ್ದು ಹೋದ.

ಡಿಸೆಂಬರ್ 23

ಕತಾರಿನೋ ಚರಂಡಿಯ ಪಕ್ಕ ಸಿಕ್ಕಿದನಂತೆ. ಕೈಗಳನ್ನು ಹಿಂದಕ್ಕೆ ತಂತಿಯಲ್ಲಿ ಬಿಗಿದಿದ್ದರಂತೆ, ನಾಲಿಗೆ ಇರಲಿಲ್ಲವಂತೆ. ಮರಳು ಹೊರುವ ಟ್ರಕ್ಕಿನ ಹಿಂದೆ ಹಾಕಿಕೊಂಡು ಮೆಟ್ಟಿಲ ಬುಡದವರೆಗೆ ತಂದರು. ಅಲ್ಲಿಂದ ಮೇಲಕ್ಕೆ ಹೊತ್ತುಕೊಂಡು ಬರಲು ಯಾರೂ ಮುಂದೆ ಬರಲಿಲ್ಲವೆಂದು ದಿಲ್ಸಿಯಾ ಮತ್ತು ಅವನ ಹೆಂಡತಿ ಇಬ್ಬರೇ ಎಳೆದರಂತೆ. ನಾನು ನೋಡಲು ಹೋಗಲಿಲ್ಲ.

ಆಟಿಕೆಗಳನ್ನು ವಯಸ್ಸಿನ ಪ್ರಕಾರ ಬೇರೆ ಮಾಡಿದೆ. ತೀರಾ ಚಿಕ್ಕವರಿಗೆ ಬಟ್ಟೆಯ ಗೊಂಬೆ, ಕನ್ನಡಕ ಹಾಕಿಕೊಂಡು ಕೂತು ಅವುಗಳ ಗುಂಡಿಯ ಕಣ್ಣು ಕಿತ್ತು ದಾರದಲ್ಲಿ ಹೊಲಿದಿದ್ದೇನೆ, ಇಲ್ಲದಿದ್ದರೆ ನುಂಗಿಬಿಡುತ್ತಾರೆ. ಬುಗುರಿಯ ಮೊಳೆಗಳನ್ನೆಲ್ಲ ಉಜ್ಜಿ ಮೊಂಡು ಮಾಡಿದೆ. ಮರದ ಇಟ್ಟಿಗೆಗಳಲ್ಲಿ ಸಿಬಿರು ಇದೆಯೇ ಎಂದು ಒಂದೊಂದನ್ನೂ ಕೆನ್ನೆಗೆ ಸವರಿ ನೋಡಿದೆ. ಮಧ್ಯಾಹ್ನವೆಲ್ಲ ಇದೇ ಆಯಿತು, ಬೆನ್ನು ಹಿಡಿದುಕೊಂಡಿದೆ.

ಡಿಸೆಂಬರ್ 24, ಮಂಗಳವಾರ

ಹಂಚಿದೆವು. ಇಷ್ಟು ಶಿಸ್ತಿನ ಸಾಲನ್ನು ನಾನು ಶಾಲೆಯಲ್ಲೂ ಕಂಡಿಲ್ಲ. ತಳ್ಳಾಟವಿಲ್ಲ, ಗಲಾಟೆಯಿಲ್ಲ, ನನಗದು ಬೇಡ ಇದು ಬೇಕು ಎಂಬ ಹಟವಿಲ್ಲ. ಕೊಟ್ಟದ್ದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು "ಥ್ಯಾಂಕ್ಸ್ ಟೀಚರ್" ಎಂದು ನೆಲ ನೋಡಿಕೊಂಡು ಹೋದರು. ರಿಗೋ ಕುರ್ಚಿ ಹಾಕಿಕೊಂಡು ಕೂತಿದ್ದ, ಅವನಿಗೂ ಖುಷಿ.

ನೋಲ್ವಿಯಾಳ ತಾಯಿ ಬರುವುದಿಲ್ಲವೆಂದುಕೊಂಡಿದ್ದೆ, ಕಪ್ಪು ಬಟ್ಟೆಯಲ್ಲಿ ಮಗಳ ಕೈ ಹಿಡಿದು ಸಾಲಿನಲ್ಲಿ ನಿಂತಿದ್ದಳು. ಪಾಪದ ಮಗು. ಎಲ್ಲಕ್ಕಿಂತ ಒಳ್ಳೆಯದನ್ನು ಅವಳಿಗೆಂದೇ ಎತ್ತಿಟ್ಟಿದ್ದೆ: ಹಿಂದಿನ ಬಾಗಿಲು ತೆರೆಯುವ ಮರದ ಟ್ರಕ್ಕು, ಜೊತೆಗೆ ಪುಟ್ಟ ಗೊಂಬೆಗಳ ಒಂದು ಕುಟುಂಬ. ತೆಗೆದುಕೊಂಡಳು. ನಗಲಿಲ್ಲ, ಹಲ್ಲಿಲ್ಲದ್ದಕ್ಕೆ ನಾಚಿಕೆಯಿರಬೇಕು.

ಪಟಾಕಿ ಹಚ್ಚುತ್ತಿದ್ದಾರೆ. ಪ್ರತಿ ಸದ್ದಿಗೂ ಎದ್ದು ಹೋಗಿ ಹೊರಗೆ ನೋಡುತ್ತೇನೆ.

ಡಿಸೆಂಬರ್ 26, ಗುರುವಾರ

ನಿನ್ನೆ ನೇರಿ ಹೋದ ದಿನ. ಬೆಳಿಗ್ಗೆಯಿಂದ ಟ್ಯಾಂಕಿನ ಹತ್ತಿರವೇ ಕೂತಿದ್ದೆ. ಗಸ್ತಿನ ಗಾಡಿ ಬಂತು, ಹೋಯಿತು. ರಸ್ತೆಯಲ್ಲಿ ಮಕ್ಕಳು ಚೆಂಡು ಆಡುತ್ತಿದ್ದರು. ಒಬ್ಬರಿಗೂ ಏನೂ ಆಗಲಿಲ್ಲ. ಅಂದುಕೊಂಡದ್ದು ಆಯಿತು. ಮನೆಗೆ ಬಂದು ಬಾಗಿಲು ಹಾಕಿಕೊಂಡು ಸಮಾಧಾನವಾಗುವಷ್ಟು ಅತ್ತೆ.

ಇವತ್ತು ತಾಯಂದಿರು ಮತ್ತೆ ಕೆಲಸಕ್ಕೆ ಹೋದರು, ಮಕ್ಕಳು ಹೊಸ ಆಟಿಕೆ ಹಿಡಿದುಕೊಂಡು ಅಂಗಳಕ್ಕೆ ಬಂದರು. ಒಳಗೆ ಹಾಲು ಕಾಯಿಸುತ್ತಿದ್ದೆ. ಹೊರಗೆ ತೀರಾ ಸದ್ದಿಲ್ಲದ್ದು ಕಂಡು ಇಣುಕಿದೆ. ಎಲ್ಲರೂ ನೋಲ್ವಿಯಾಳ ಸುತ್ತ ಕೂತಿದ್ದರು. ಟ್ರಕ್ಕಿನ ಹಿಂಭಾಗದೊಳಗೆ ಅಪ್ಪ ಗೊಂಬೆ ಮಲಗಿತ್ತು, ಅದರ ಕೈಗಳನ್ನು ಬೆನ್ನಿಗೆ ಸೇರಿಸಿ ದಾರ ಸುತ್ತಿದ್ದಳು. ಅಜ್ಜಿ ಗೊಂಬೆಗೆ ತಂತಿ ಬಗ್ಗಿಸಿ ಕನ್ನಡಕ ಹಾಕಿದ್ದಳು.

ಪಕ್ಕದಲ್ಲಿ ಕೂತು ಮೆತ್ತಗೆ ಕೇಳಿದೆ, "ಇದ್ಯಾರು ಪುಟ್ಟಾ?"

"ಅಪ್ಪ."

"ಇದು?"

"ಟೀಚರ್."

"ಟೀಚರ್ ಏನ್ ಮಾಡ್ತಿದ್ದಾರೆ?"

ಗೊಂಬೆಯ ಕೈ ಎತ್ತಿ ಟ್ರಕ್ಕಿನ ಕಡೆ ಮಾಡಿದಳು. "ರಿಗೋಗೆ ಹೇಳ್ತಿದ್ದಾರೆ."

ಮಕ್ಕಳೆಲ್ಲ ನನ್ನ ಮುಖ ನೋಡುತ್ತಿದ್ದರು. ಒಲೆಯ ಮೇಲೆ ಹಾಲು ಉಕ್ಕಿದ ವಾಸನೆ ಬಂತು, ನಾನು ಏಳಲಿಲ್ಲ.

ಆ ತಂತಿಯ ತುದಿ ಚೂಪಾಗಿತ್ತು, ಕಣ್ಣಿಗೆ ಚುಚ್ಚಿದರೆ ಗತಿಯೇನು? ಮೊದಲು ಅದನ್ನು ತೆಗೆದೆ. ಆಮೇಲೆ ಗೊಂಬೆಗಳನ್ನೂ ಟ್ರಕ್ಕನ್ನೂ ಎತ್ತಿಟ್ಟೆ. ಈ ಸಲ ನೋಲ್ವಿಯಾ ಕಚ್ಚಲಿಲ್ಲ, ಬೇಗ ಬೇಗ ತಾನೇ ಕೊಟ್ಟಳು. ಆರಿಸುವಾಗ ಗೊಂಬೆಗಳ ಕೈ ಹೀಗೆ ಎಲ್ಲ ಕಡೆ ತಿರುಗುತ್ತದೆ ಎಂದು ನನಗೆ ಹೊಳೆದಿರಲಿಲ್ಲ. ಮುಂದಿನ ವರ್ಷ ಕೈ ಅಂಟಿಕೊಂಡಿರುವಂಥವನ್ನೇ ತರಬೇಕು.

ಆದರೂ ಅಷ್ಟು ಚಿಕ್ಕ ಮಗುವಿಗೆ ಇದೆಲ್ಲ ತಾನಾಗಿ ಹೊಳೆಯುವುದಿಲ್ಲ. ಮನೆಯಲ್ಲಿ ತಾಯಿ ಹೇಳಿಕೊಡುತ್ತಿರಬೇಕು. ಇಂಥ ಆಟ ಒಬ್ಬರನ್ನು ನೋಡಿ ಒಬ್ಬರು ಕಲಿಯುತ್ತಾರೆ, ಇಷ್ಟು ಕಷ್ಟಪಟ್ಟದ್ದೆಲ್ಲ ನೀರುಪಾಲಾಗುತ್ತದೆ. ನಾಳೆ ರಿಗೋ ಬರುತ್ತೇನೆ ಎಂದಿದ್ದಾನೆ. ಆ ಹೆಂಗಸಿಗೆ ಸ್ವಲ್ಪ ತಿಳಿಹೇಳು ಎನ್ನಬೇಕು.